30 ಅಡಿ ಕಟ್ಟಡದ ಪಕ್ಕದ ಅಂಗಳ: ಬರ್ಮುಡಾ ಲಾನ್ ಹಾಕೋದಾ, ಮಾನ್‌ಸ್ಟೆರಾ ಬೆಳೆಸೋದಾ?

ಹೊಸಮನೆ_ಬೆಂಗಳೂರು
ಎಲ್ಲರಿಗೂ ನಮಸ್ಕಾರ. ಮನೆ ಮುಂದೆ 15 × 20 ಅಡಿ ಖಾಲಿ ಜಾಗ ಇದೆ. ಉತ್ತರ–ದಕ್ಷಿಣ 20 ಅಡಿ. ದಕ್ಷಿಣಕ್ಕೆ ಪಕ್ಕದವರ ಮೂರಂತಸ್ತಿನ ಕಟ್ಟಡ, ಎತ್ತರ ಸುಮಾರು 30 ಅಡಿ, ನಡುವೆ 4 ಅಡಿ ಓಣಿ. ಈಗ ಮೇ ತಿಂಗಳು, ದಿನಕ್ಕೆ 7 ಗಂಟೆ ಬಿಸಿಲು ಬೀಳ್ತಿದೆ. ನರ್ಸರಿಯವರು ಬರ್ಮುಡಾ ಕಾರ್ಪೆಟ್ (ಬೇರು ಸಮೇತ ಸುತ್ತಿ ತರೋ ಬೆಳೆದ ಹುಲ್ಲು) ಹಾಸಿಕೊಡ್ತೀವಿ ಅಂತಿದಾರೆ. ಮನೆಯಲ್ಲಿ ಲಾನ್ ಬೇಡ, ದೊಡ್ಡ ಕುಂಡಗಳಲ್ಲಿ ತೂತು ಎಲೆಯ ಬಳ್ಳಿ ಮಾನ್‌ಸ್ಟೆರಾ ಇಡೋಣ ಅಂತಾರೆ. ಬೋರ್‌ವೆಲ್ ನೀರು. ಯಾವುದಕ್ಕೆ ಕೆಲಸ ಕಡಿಮೆ, ಯಾವುದು ಉಳಿಯುತ್ತೆ?

ಗರಿಕೆ_ಗಿಣ್ಣು
ಸರ್, ಮೇ ತಿಂಗಳ ಬಿಸಿಲು ನೋಡಿ ಲಾನ್ ತೀರ್ಮಾನ ಮಾಡ್ಬೇಡಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಆಗಸ್ಟ್ 18ರ ಸುಮಾರಿಗೆ ಮತ್ತೊಮ್ಮೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ, ಹಾಗಾಗಿ ಪಕ್ಕದ ಕಟ್ಟಡದ ನೆರಳು ಅವರ ದಕ್ಷಿಣಕ್ಕೇ ಬೀಳುತ್ತೆ. ನಿಮ್ಮ ಅಂಗಳ ಈಗ ಪೂರ್ತಿ ಬಯಲು.

ಡಿಸೆಂಬರ್ 21ರ ಲೆಕ್ಕ ಬೇರೆ. ಅಂದು ಮಧ್ಯಾಹ್ನ ಸೂರ್ಯನ ಎತ್ತರ ಸುಮಾರು 53.5 ಡಿಗ್ರಿ. 30 ಅಡಿ ಕಟ್ಟಡದ ನೆರಳು ಉತ್ತರಕ್ಕೆ 22 ಅಡಿ ಚಾಚುತ್ತೆ. ಓಣಿಯ 4 ಅಡಿ ಕಳೆದರೆ ನಿಮ್ಮ 20 ಅಡಿಯಲ್ಲಿ 18 ಅಡಿ ನೆರಳು, ಅದೂ ನಡುಮಧ್ಯಾಹ್ನ. ನವೆಂಬರ್ ಮೊದಲ ವಾರಕ್ಕೂ ಫೆಬ್ರವರಿ ಎರಡನೇ ವಾರಕ್ಕೂ ಹೆಚ್ಚುಕಮ್ಮಿ 12 ಅಡಿ. ಮಾರ್ಚ್ 21ಕ್ಕೆ ಬರೀ 3 ಅಡಿ. ಬೆಳಿಗ್ಗೆ, ಸಂಜೆ ಎಷ್ಟು ಬಿಸಿಲು ನುಸುಳುತ್ತೆ ಅನ್ನೋದು ಆ ಕಟ್ಟಡದ ಅಗಲದ ಮೇಲೆ ನಿಂತಿದೆ.

ಬರ್ಮುಡಾ ಅಂದರೆ ನಮ್ಮ ಗರಿಕೆಯ ಜಾತಿಯೇ. ಅದಕ್ಕೆ ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೇಕು. ಜೂನ್‌ನಲ್ಲಿ ಹಾಸಿದ ಕಾರ್ಪೆಟ್ ಅಕ್ಟೋಬರ್‌ವರೆಗೆ ಚೆನ್ನಾಗಿರುತ್ತೆ, ನವೆಂಬರ್‌ನಿಂದ ದಕ್ಷಿಣದ ಕಡೆ ತೆಳ್ಳಗಾಗಿ ಮಣ್ಣು ಕಾಣಿಸುತ್ತೆ. ಆಗ ಜನ ಗೊಬ್ಬರ ಕಡಿಮೆಯಾಯ್ತು ಅಂತ ಯೂರಿಯಾ ಸುರೀತಾರೆ. ಬೆಳಕಿಲ್ಲದ ಹುಲ್ಲಿಗೆ ಸಾರಜನಕ ಕೊಟ್ಟರೆ ಎಲೆ ಉದ್ದವಾಗುತ್ತೆ, ಬೇರಿನಲ್ಲಿ ಕೂಡಿಟ್ಟ ಆಹಾರ ಖಾಲಿಯಾಗುತ್ತೆ, ಹುಲ್ಲು ಇನ್ನೂ ಬೇಗ ಸಾಯುತ್ತೆ.

ಬಳ್ಳಿಮನೆ
ಗರಿಕೆ ಅವರ ಲೆಕ್ಕ ಸರಿಯಾಗಿದೆ. ಮಾನ್‌ಸ್ಟೆರಾ ಬೇಕು ಅನ್ನೋರಿಗೆ ಅದೇ ಲೆಕ್ಕ ತಲೆಕೆಳಗು. ಅಪಾಯ ಡಿಸೆಂಬರ್‌ನಲ್ಲಲ್ಲ, ಮಾರ್ಚ್‌ನಿಂದ ಮೇ ತನಕ.

ಮಾನ್‌ಸ್ಟೆರಾ ಡೆಲಿಸಿಯೋಸಾ ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಮಳೆಕಾಡಿನ ಬಳ್ಳಿ. ನೆಲದಲ್ಲಿ ಹುಟ್ಟಿ, ಮರ ಹಿಡಿದು, ಗಾಳಿಬೇರು ಬಿಟ್ಟು ಮೇಲೇರುತ್ತೆ. ಅದಕ್ಕೆ ಮರದ ಸೊಪ್ಪು ಸೋಸಿ ಬಿಟ್ಟ ಬೆಳಕು ಸಾಕು. ಮೊಬೈಲಿನಲ್ಲಿ ಲಕ್ಸ್ (ಬೆಳಕಿನ ಪ್ರಮಾಣ) ಅಳೆಯೋ ಆ್ಯಪ್ ಹಾಕಿಕೊಂಡು ಎಲೆಯ ಮಟ್ಟದಲ್ಲಿ ಹಿಡಿದು ನೋಡಿ. ಬಯಲು ಬಿಸಿಲು ಸುಮಾರು 1,00,000 ಲಕ್ಸ್ ತೋರಿಸುತ್ತೆ. ಮಾನ್‌ಸ್ಟೆರಾ 10,000ದ ಆಸುಪಾಸಿನಲ್ಲಿ ಚೆನ್ನಾಗಿ ಬೆಳೆಯುತ್ತೆ. ಒಂದೆರಡು ಸಾವಿರದಲ್ಲಿ ಬದುಕಿರುತ್ತೆ, ಆದರೆ ಗಿಣ್ಣುಗಳ ಅಂತರ ಜಾಸ್ತಿಯಾಗಿ ಎಲೆ ಸಣ್ಣದಾಗಿ ತೂತಿಲ್ಲದೆ ಬರುತ್ತೆ. ಮನೆಯೊಳಗಿನ ಮೂಲೆಯಲ್ಲಿ 200 ಲಕ್ಸ್ ಕೂಡ ಇರಲ್ಲ, ಅಲ್ಲಿ ಇಡಬೇಡಿ. ನೇರ ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆಯ ಮೇಲೆ ಬಿಳಚಿದ ಮಚ್ಚೆ ಎದ್ದು, ಆಮೇಲೆ ಒಣಗಿ ಕಂದಾಗುತ್ತೆ. ಆ ಎಲೆ ಮತ್ತೆ ಹಸಿರಾಗಲ್ಲ.

ನಿಮ್ಮ ಅಂಗಳಕ್ಕೆ ಮಾರ್ಚ್‌ನಿಂದ ಮುಂಗಾರು ಹಿಡಿಯೋ ತನಕ 50 ಪರ್ಸೆಂಟ್ ಶೇಡ್ ನೆಟ್ ಬೇಕು, ಇಲ್ಲಾಂದ್ರೆ ಕುಂಡಗಳನ್ನ ಪೋರ್ಟಿಕೊ ಕೆಳಗೆ ತಳ್ಳಬೇಕು. ಕುಂಡಕ್ಕೆ ಚಕ್ರದ ಸ್ಟ್ಯಾಂಡ್ ಹಾಕಿದರೆ ಇದು ಎರಡು ನಿಮಿಷದ ಕೆಲಸ. ಲಾನ್ ಹೀಗೆ ತಳ್ಳೋಕಾಗಲ್ಲ!

ಹೊಸಮನೆ_ಬೆಂಗಳೂರು
ಈ ನೆರಳಿನ ವಿಷಯ ನರ್ಸರಿಯವರು ಹೇಳಲೇ ಇಲ್ಲ. ನೀರು, ಕೆಲಸದ ಲೆಕ್ಕ ಹೇಗೆ?

ಸಂಪು_ಖಾಲಿ
ಚದರ ಮೀಟರ್‌ಗೆ 1 ಮಿಲಿಮೀಟರ್ ಅಂದರೆ 1 ಲೀಟರ್. ಬೇಸಿಗೆಯಲ್ಲಿ ಬರ್ಮುಡಾಗೆ ವಾರಕ್ಕೆ ಸುಮಾರು 25 ಮಿಮೀ ಬೇಕು. ನಿಮ್ಮ 300 ಚದರಡಿ ಅಂದರೆ 28 ಚದರ ಮೀಟರ್, ವಾರಕ್ಕೆ 700 ಲೀಟರ್, ತಿಂಗಳಿಗೆ 2,800–3,000. 12 ಇಂಚಿನ ಕುಂಡದ ಮಾನ್‌ಸ್ಟೆರಾಗೆ ವಾರಕ್ಕೆ 2–3 ಲೀಟರ್, ಐದು ಕುಂಡ ಇದ್ದರೂ ಒಂದು ಬಕೆಟ್ಟಿನಷ್ಟೇ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರನ್ನ ತೋಟಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿರಲಿ. ಬೇಸಿಗೆಯಲ್ಲಿ ಬೋರ್ ಕೈಕೊಟ್ಟರೆ ಟ್ಯಾಂಕರ್ ನೀರಲ್ಲಿ ಲಾನ್ ಸಾಕೋದು ನನ್ನ ಪ್ರಕಾರ ಅವಿವೇಕ.

ಬಟ್ಟೆ ಒಗೆದ ನೀರು ಎರಡಕ್ಕೂ ನೇರವಾಗಿ ಬೇಡ. ಡಿಟರ್ಜೆಂಟಿನ ಸೋಡಿಯಂ ಮಣ್ಣನ್ನ ಗಟ್ಟಿ ಹೆಪ್ಪು ಮಾಡುತ್ತೆ. ತರಕಾರಿ, ಅಕ್ಕಿ ತೊಳೆದ ನೀರು ಪರವಾಗಿಲ್ಲ.

ಮೈದಾನ_ಮೇಸ್ತ್ರಿ
ಸಂಪು ಅವರೇ, ಗರಿಕೆ ಬರಕ್ಕೆ ಹೆದರೋ ಹುಲ್ಲಲ್ಲ. ಒಂದು ತಿಂಗಳು ನೀರಿಲ್ಲದಿದ್ದರೂ ಒಣಗಿದ ಹಾಗೆ ಕಂಡು, ಮಳೆ ಬಿದ್ದ ವಾರಕ್ಕೆ ಚಿಗುರುತ್ತೆ. ನೀರು ಕೊಡೋದು ನಿಂತು ಒಣಗಿದ ಮಾತ್ರಕ್ಕೆ ಸತ್ತಿತು ಅಂತ ಕಿತ್ತು ಹಾಕ್ಬೇಡಿ. ಬೋರ್‌ವೆಲ್‌ನ ಗಡಸು ನೀರೂ ಅದಕ್ಕೆ ಒಗ್ಗುತ್ತೆ. ಅದೇ ನೀರು ಮಾನ್‌ಸ್ಟೆರಾ ಕುಂಡದಲ್ಲಿ ಬಿಳಿ ಉಪ್ಪು ಕಟ್ಟಿಸಿ ಎಲೆ ತುದಿ ಸುಡುತ್ತೆ.

ನೆರಳಿನ ಬಗ್ಗೆಯೂ ಇಷ್ಟು ಹೆದರಿಸೋದು ಬೇಡ. ಚಳಿಗಾಲದಲ್ಲಿ 2 ಇಂಚು ಎತ್ತರ ಬಿಟ್ಟು ಕತ್ತರಿಸಿ, ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ಮೇಲೆ ಓಡಾಡೋದು ಬಿಡಿ. ಮಾರ್ಚ್‌ನಲ್ಲಿ ಮತ್ತೆ ತುಂಬಿಕೊಳ್ಳುತ್ತೆ.

ಗರಿಕೆ_ಗಿಣ್ಣು
ಮೇಸ್ತ್ರಿಗಳೇ, ಬರದ ಮಾತು ಪೂರ್ತಿ ಒಪ್ಪುತ್ತೀನಿ. ನೆರಳಿನದು ಅರ್ಧ ಮಾತ್ರ. ಬರದಲ್ಲಿ ಗರಿಕೆ ಎಲೆ ಬಿಟ್ಟುಕೊಟ್ಟು ಮಣ್ಣಿನೊಳಗಿನ ಕಾಂಡದಲ್ಲಿ ಕೂತಿರುತ್ತೆ, ಅಲ್ಲಿ ಕೂಡಿಟ್ಟ ಪಿಷ್ಟ ಇರುತ್ತೆ. ನೆರಳಲ್ಲಿ ಆ ಪಿಷ್ಟ ಕೂಡೋದೇ ಇಲ್ಲ.

ಗರಿಕೆ ಸಿ4 ಸಸ್ಯ. ಇಂಗಾಲದ ಡೈಆಕ್ಸೈಡನ್ನ ಎಲೆಯೊಳಗೆ ಒಂದೆಡೆ ಒತ್ತಿ ಸೇರಿಸಿ ಬಳಸುತ್ತೆ. ಆ ಕೆಲಸಕ್ಕೆ ಹೆಚ್ಚು ಶಕ್ತಿ ಬೇಕು. ಬಿರುಬಿಸಿಲಲ್ಲಿ ಆ ಖರ್ಚು ಲಾಭ ಕೊಡುತ್ತೆ, ನೆರಳಲ್ಲಿ ನಷ್ಟ. ಮಾನ್‌ಸ್ಟೆರಾ ಸಿ3, ಕಡಿಮೆ ಬೆಳಕಿಗೇ ಹೊಟ್ಟೆ ತುಂಬಿಸಿಕೊಳ್ಳುತ್ತೆ, ಹೆಚ್ಚಾದ ಬೆಳಕು ಅದಕ್ಕೆ ಹೊರೆ. ಹಾಗಾಗಿ ಇವೆರಡನ್ನ ಒಂದೇ ಜಾಗಕ್ಕೆ ಪೈಪೋಟಿಗೆ ನಿಲ್ಲಿಸೋದೇ ಸರಿಯಲ್ಲ. ಉತ್ತರದ ತುದಿಯ 8 ಅಡಿಗೆ ಮಾತ್ರ ಲಾನ್, ದಕ್ಷಿಣದ 12 ಅಡಿಗೆ ಕುಂಡಗಳು. ಆ 8 ಅಡಿಯಲ್ಲಿ ಡಿಸೆಂಬರ್ ಆಸುಪಾಸಿನಲ್ಲಿ ಸ್ವಲ್ಪ ಸೊರಗುತ್ತೆ, ಅಲ್ಲಿ ನಿಮ್ಮ ಉಪಾಯ ನಡೆಯುತ್ತೆ. ದಕ್ಷಿಣದ ಗೋಡೆ ಪಕ್ಕ ಮೂರು ತಿಂಗಳು ನಡೆಯಲ್ಲ.

15 × 8 ಅಂದರೆ 120 ಚದರಡಿ, 11 ಚದರ ಮೀಟರ್. ನೀರು ವಾರಕ್ಕೆ 700ರಿಂದ 280 ಲೀಟರ್‌ಗೆ ಇಳಿಯುತ್ತೆ.

ಮೈದಾನ_ಮೇಸ್ತ್ರಿ
ಸರಿ, 8 ಅಡಿಗೆ ನನ್ನದೂ ಒಪ್ಪಿಗೆ. ಹಾಗಾದ್ರೆ ನೆಲ ಹದ ಮಾಡೋ ಕ್ರಮ ಬರೀತೀನಿ. ನರ್ಸರಿಯವರು ಸಾಮಾನ್ಯವಾಗಿ ಇದನ್ನೇ ಹಾರಿಸಿಬಿಡ್ತಾರೆ.

ಹೊಸ ಮನೆ ಮುಂದಿನ ಮಣ್ಣಲ್ಲಿ ಸಿಮೆಂಟ್ ಚೂರು, ಇಟ್ಟಿಗೆ, ಸುಣ್ಣ ಹೂತಿರುತ್ತೆ. 10 ಇಂಚು ಆಳ ಅಗೆದು ಜರಡಿ ಹಿಡಿಯಿರಿ. ಸುಣ್ಣ ಉಳಿದರೆ ಮಣ್ಣು ಕ್ಷಾರವಾಗಿ ಹುಲ್ಲಿಗೆ ಕಬ್ಬಿಣ ಸಿಗದೆ ಹಳದಿಯಾಗುತ್ತೆ. ಅಗೆಯುವಾಗ ಕೊನ್ನಾರಿ ಗಡ್ಡೆ (ಕೆಲವರು ಜೇಕು ಅಂತಾರೆ) ಸಿಕ್ಕರೆ ಒಂದೊಂದನ್ನೂ ಆರಿಸಿ. ಎಲೆ ಕಿತ್ತರೆ ಪ್ರಯೋಜನ ಇಲ್ಲ, ಗಡ್ಡೆಗಳು ಸರಪಳಿಯಾಗಿ ಕೆಳಗಿರುತ್ತವೆ, ಒಂದು ಉಳಿದರೂ ಮತ್ತೆ ಹೊರಡುತ್ತೆ.

ಎರಡು ಇಂಚು ದಪ್ಪ ಹಳೇ ಕೊಟ್ಟಿಗೆ ಗೊಬ್ಬರ ಹಾಕಿ ಬೆರೆಸಿ. 120 ಚದರಡಿಗೆ 20 ಘನ ಅಡಿ, ಅಂದರೆ ಸಿಮೆಂಟ್ ಚೀಲದ ಅಳತೆಯಲ್ಲಿ 16 ಚೀಲ. ಚೆನ್ನಾಗಿ ಕಳಿತಿರಬೇಕು. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳ, ಕಳೆ ಬೀಜ ಎರಡೂ ಕರೆದ ಹಾಗೆ. ಮಣ್ಣು ಜಿಗುಟಾಗಿದ್ದರೆ ದಪ್ಪ ಮರಳು ಒಂದು ಇಂಚು. ಮನೆಯಿಂದ ಆಚೆಗೆ 8 ಅಡಿಗೆ 1–2 ಇಂಚು ಇಳಿಜಾರು ಕೊಡಿ. ನೀರು ನಿಂತ ಗುಂಡಿಯಲ್ಲಿ ಮೊದಲು ಪಾಚಿ, ಆಮೇಲೆ ಬರಿ ಮಣ್ಣು.

ಇದಾದ ಮೇಲೆ ಹುಲ್ಲು ಹಾಸಬೇಡಿ. ನೀರು ಹಾಕಿ ಹತ್ತು ಹದಿನೈದು ದಿನ ಬಿಡಿ, ಕಳೆ ಮೊಳೆಯಲಿ, ತೆಗೆಯಿರಿ. ಇನ್ನೊಂದು ಸುತ್ತು ಹಾಗೇ ಮಾಡಿ. ಜೂನ್ ಕೊನೆಗೆ ನೆಲ ಸಿದ್ಧ. ಇದೊಂದು ಕೆಲಸ ಮಾಡಿದರೆ ಮುಂದಿನ ವರ್ಷದ ಕಳೆ ಕೀಳೋ ಕೂಲಿಯಲ್ಲಿ ಬಹುಪಾಲು ಉಳಿಯುತ್ತೆ.

ಕಾರ್ಪೆಟ್ ರೋಲ್ ಬಂದ ದಿನವೇ ಹಾಸಬೇಕು. ಸುತ್ತಿಟ್ಟರೆ ಒಳಗೆ ಕಾವು ಏರಿ ಹಳದಿಯಾಗುತ್ತೆ. ಅಡಿಯ ಮಣ್ಣು ನೋಡಿ: ಕಪ್ಪು ಜೇಡಿಯಾಗಿದ್ದು ನಿಮ್ಮದು ಮರಳುಗೆಂಪು ಆಗಿದ್ದರೆ ನೀರು ಮೇಲಿನ ಪದರದಲ್ಲೇ ನಿಲ್ಲುತ್ತೆ, ಬೇರು ಕೆಳಗಿಳಿಯಲ್ಲ. ಆದಷ್ಟು ತೊಳೆದು ಹಾಸಿ. ಕೀಲುಗಳು ಒಂದೇ ಸಾಲಿಗೆ ಬರದ ಹಾಗೆ ಒತ್ತಿ ಜೋಡಿಸಿ, ರೋಲರ್ ಎಳೆದು, 4 ಇಂಚು ಆಳ ನೆನೆಯೋ ಹಾಗೆ ನೀರು ಬಿಡಿ. ಎರಡು ಮೂರು ವಾರ ಬಿಟ್ಟು ಮೂಲೆ ಎಳೆದು ನೋಡಿ, ಎದ್ದು ಬರದಿದ್ದರೆ ಬೇರು ಹಿಡಿದಿದೆ.

ದುಡ್ಡು ಉಳಿಸಬೇಕಾದ್ರೆ ಕಾರ್ಪೆಟ್ ಬೇಡವೇ ಬೇಡ. ಒಂದೆರಡು ರೋಲ್ ತಂದು ಬಿಡಿಸಿ, ಎರಡು ಮೂರು ಗಿಣ್ಣಿರೋ ತುಂಡುಗಳನ್ನ 4 ಇಂಚಿಗೊಂದರಂತೆ ನಾಟಿ ಮಾಡಿ. ಮಳೆಗಾಲದಲ್ಲಿ ಎರಡು ಎರಡೂವರೆ ತಿಂಗಳಿಗೆ ಮುಚ್ಚಿಕೊಳ್ಳುತ್ತೆ. ಹೈಬ್ರಿಡ್ ತಳಿ ಹಾಕೋರಿಗೆ ಇದೇ ದಾರಿ. 1960ರಲ್ಲಿ ಅಮೆರಿಕದ ಟಿಫ್ಟನ್‌ನಿಂದ ಬಂದ ಟಿಫ್‌ವೇ ಥರದವು ಬಂಜೆ ತ್ರಿಗುಣಿಗಳು (ಮೂರು ಸೆಟ್ ವರ್ಣತಂತು ಇರೋವು), ಬೀಜ ಕಟ್ಟಲ್ಲ. ಅವುಗಳ ಹೆಸರಲ್ಲಿ ಬೀಜ ಮಾರಿದರೆ ಕೊಳ್ಳಬೇಡಿ.

ಬಳ್ಳಿಮನೆ
ಮಾನ್‌ಸ್ಟೆರಾ ಕುಂಡದ ಮಿಶ್ರಣ ಮೇಸ್ತ್ರಿಗಳ ಲಾನ್ ಮಣ್ಣಿಗೆ ಪೂರ್ತಿ ವಿರುದ್ಧ. ಇದರ ಬೇರಿಗೆ ನೀರಿನಷ್ಟೇ ಗಾಳಿ ಬೇಕು. ತೊಳೆದ ಕೋಕೊಪೀಟ್ (ತೆಂಗಿನ ನಾರಿನ ಪುಡಿ) 2 ಭಾಗ, ತೆಂಗಿನ ಸಿಪ್ಪೆ ಚೂರು 2, ಎರೆಗೊಬ್ಬರ 1, ಬಟಾಣಿ ಗಾತ್ರದ ಇದ್ದಿಲು ಅಥವಾ ಪರ್ಲೈಟ್ 1. ಅಂಗಳದ ಕೆಂಪು ಮಣ್ಣು ಬೇಡ, ಕುಂಡದಲ್ಲಿ ಎರಡು ಮಳೆಗೆ ಇಟ್ಟಿಗೆಯಾಗುತ್ತೆ. ಕೋಕೊಪೀಟ್ ಇಟ್ಟಿಗೆಯನ್ನ ನೆನೆಹಾಕಿ ಮೂರು ಸಲ ನೀರು ಬದಲಾಯಿಸಿ ಹಿಂಡಿ. ಅದರಲ್ಲಿ ಉಪ್ಪಿರುತ್ತೆ, ತೊಳೆಯದೆ ಹಾಕಿದರೆ ಹೊಸ ಬೇರಿನ ತುದಿ ಕಪ್ಪಾಗುತ್ತೆ.

ಕುಂಡ ಬದಲಾಯಿಸುವಾಗ ಈಗಿರೋದಕ್ಕಿಂತ 2 ಇಂಚು ಮಾತ್ರ ಅಗಲ. ಸಣ್ಣ ಗಿಡ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ತಲುಪದ ಮಿಶ್ರಣ ವಾರಗಟ್ಟಲೆ ಒದ್ದೆ ಇದ್ದು ಬೇರು ಕೊಳೆಯುತ್ತೆ. ಬೆರಳು 2 ಇಂಚು ಇಳಿಸಿ ಒಣಗಿದ್ದರೆ ಮಾತ್ರ ನೀರು, ಕೆಳಗಿನ ತೂತಿಂದ ಹರಿಯೋ ತನಕ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನ ಚೆಲ್ಲಿ. ಕೆಳಗಿನ ಎಲೆ ಹಳದಿಯಾಗಿ ಮಿಶ್ರಣ ಹಸಿಯಾಗಿದ್ದರೆ ನೀರು ಜಾಸ್ತಿಯಾಗಿದೆ. ಎಲೆ ಸುರುಳಿ ಸುತ್ತಿ ಕುಂಡ ಹಗುರವಾಗಿದ್ದರೆ ಕಡಿಮೆಯಾಗಿದೆ.

ಬೋರ್ ನೀರಿನ ಉಪ್ಪಿಗೆ ಮದ್ದು ಮಳೆ ನೀರು. ಅದಿಲ್ಲದಾಗ ಎರಡು ತಿಂಗಳಿಗೊಮ್ಮೆ ಕುಂಡದ ಗಾತ್ರದ ಮೂರು ಪಟ್ಟು ನೀರು ನಿಧಾನವಾಗಿ ಹಾಯಿಸಿ ತೊಳೆಯಿರಿ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರೋದು), ಲೀಟರಿಗೆ 1 ಗ್ರಾಂ, 15 ದಿನಕ್ಕೊಮ್ಮೆ, ಅದೂ ಹೊಸ ಎಲೆ ಬಿಡೋ ಕಾಲದಲ್ಲಿ ಮಾತ್ರ.

ಆಸರೆ ಕೋಲು ಮೊದಲೇ ನೆಡಿ. ಕಾಂಡದಲ್ಲಿ ಗಾಳಿಬೇರು ಹೊರಡೋ ಬದಿ ಕೋಲಿಗೆ ತಾಗಬೇಕು, ಎಲೆ ಬದಿ ಆಚೆಗೆ. ಕಾಂಡಕ್ಕೆ ದಾರ ಕಟ್ಟಿ, ಎಲೆಯ ತೊಟ್ಟಿಗಲ್ಲ. ತೊಟ್ಟು ಬೆಳಕಿನ ಕಡೆ ತಿರುಗೋಕೆ ಸಡಿಲ ಇರಬೇಕು. ತೆಂಗಿನ ನಾರಿನ ಕೋಲನ್ನ ಒದ್ದೆ ಇಟ್ಟರಷ್ಟೇ ಬೇರು ಹಿಡಿಯುತ್ತೆ, ಒಣಕೋಲು ಬರೀ ಊರುಗೋಲು.

ಕರಾವಳಿ_ಅಂಗಳ
ಮಂಗಳೂರು ಬದಿಯವರಿಗೆ ಒಂದು ಮಾತು. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಮೋಡ, ಮಳೆ, ಬಿಸಿಲೇ ಇಲ್ಲ ಮಾರಾಯ್ರೆ. ಬೆಂಗಳೂರಿನವರಿಗೆ ಹೇಳಿದ ಬರ್ಮುಡಾ ಇಲ್ಲಿ ಆ ನಾಲ್ಕು ತಿಂಗಳಲ್ಲಿ ಕೊಳೆಯುವುದುಂಟು. ಅಗಲ ಎಲೆಯ ಆ್ಯಕ್ಸೊನೋಪಸ್ ಹುಲ್ಲು ಹಾಕಿ, ನೆರಳು, ತೇವ ಎರಡೂ ತಡೆಯುತ್ತದೆ. ಬೇಸಿಗೆಯಲ್ಲಿ ನೀರು ತಪ್ಪಿಸಬಾರದು ಅಷ್ಟೆ. ಮಾನ್‌ಸ್ಟೆರಾಕ್ಕೆ ಇಲ್ಲಿ ಕುಂಡವೇ ಬೇಡ, ತೆಂಗಿನ ಬುಡದಲ್ಲಿ ನೆಟ್ಟರೆ ಅದೇ ಹತ್ತುತ್ತದೆ. ಮರ ಹತ್ತಿ ಕಾಯಿ ಇಳಿಸುವವರಿಗೆ ತೊಂದರೆ ಆಗುತ್ತದೆ, ಆಳೆತ್ತರಕ್ಕೆ ಕತ್ತರಿಸುತ್ತಾ ಇರಿ.

ರಾಯಚೂರ_ಬಿಸಿಲು
ನಮ್ಮ ಕಡೆ ಪೂರಾ ಉಲ್ಟಾರೀ. ಬರ್ಮುಡಾಕ್ಕ 40 ಡಿಗ್ರಿ ಏನೂ ಅಲ್ಲ, ನೀರ ಇದ್ದರ ಸಾಕು. ಮಾನ್‌ಸ್ಟೆರಾದ ಎಲಿ ಅಂಚು ಒಣಗಾಳಿಗೆ ಸುಟ್ಟು ಹೋಗ್ತದ. 75 ಪರ್ಸೆಂಟ್ ನೆಟ್ ಕೆಳಗ, ನಾಲ್ಕೈದು ಕುಂಡ ಒತ್ತಿ ಇಟ್ಟು, ನೆಲಕ್ಕ ನೀರ ಹೊಡೀರಿ. ಎಲಿ ಮ್ಯಾಲೆ ಸ್ಪ್ರೇ ಮಾಡಿದ್ರ ಹತ್ತು ನಿಮಿಷದಾಗ ಆರ್ತದ, ಬೋರಿನ ಸುಣ್ಣದ ಕಲಿ ಅಷ್ಟ ಉಳೀತದ.

ಡಲ್ಲಾಸ್_ಕನ್ನಡಿಗ
ಇಲ್ಲಿಯೂ ಬರ್ಮುಡಾ ಲಾನ್ ಸಾಮಾನ್ಯ. ನವೆಂಬರ್ ಹಿಮಕ್ಕೆ ಕಂದಾಗಿ ಮಾರ್ಚ್‌ವರೆಗೆ ಮಲಗಿರುತ್ತೆ, ಸತ್ತಿರಲ್ಲ. ಊರಿನ ಅಭ್ಯಾಸದಲ್ಲಿ ಆಗ ಯೂರಿಯಾ ಹಾಕಬೇಡಿ, ಅದು ಚಳಿಗಾಲದ ಕಳೆಗೆ ಸಿಗುತ್ತೆ. ಮಾನ್‌ಸ್ಟೆರಾ ರಾತ್ರಿ 10 ಡಿಗ್ರಿಗೆ ಇಳಿಯೋ ಮೊದಲೇ ಒಳಗೆ ಬರಬೇಕು, ಹೀಟರ್ ಗಾಳಿ ಬೀಸೋ ಕಿಂಡಿಯಿಂದ ದೂರ.

ಹೊಸಮನೆ_ಬೆಂಗಳೂರು
8 ಅಡಿ ಲಾನ್, 12 ಅಡಿ ಕುಂಡ, ಹಾಗೇ ಮಾಡ್ತೀವಿ. ಇನ್ನು ಮೂರು ಪ್ರಶ್ನೆ. ಲಾನ್‌ಗೆ ಗೊಬ್ಬರ ಎಷ್ಟು? ಹುಳ ಬಿದ್ದರೆ? ಮನೆಯಲ್ಲಿ ನಾಯಿ ಇದೆ, ಮಾನ್‌ಸ್ಟೆರಾ ತಿಂದರೆ?

ಗರಿಕೆ_ಗಿಣ್ಣು
ಚದರ ಮೀಟರಿಗೆ 5 ಗ್ರಾಂ ಸಾರಜನಕ ಒಂದು ಸಲಕ್ಕೆ ಗರಿಷ್ಠ. ಯೂರಿಯಾದಲ್ಲಿ 46 ಪರ್ಸೆಂಟ್ ಇರೋದರಿಂದ ನಿಮ್ಮ 11 ಚದರ ಮೀಟರಿಗೆ 120 ಗ್ರಾಂ. ಅದನ್ನ ಎರಡು ಪಾಲು ಮಾಡಿ, ಮರಳಿನ ಜೊತೆ ಬೆರೆಸಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎರಚಿ, ಕೂಡಲೇ ನೀರು ಕೊಡಿ. ಒದ್ದೆ ಎಲೆ ಮೇಲೆ ಹಾಕಿ ಬಿಟ್ಟರೆ ಸುಟ್ಟ ಕಲೆ. ಮನೆಯ ಲಾನ್‌ಗೆ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಆರು ವಾರಕ್ಕೊಮ್ಮೆ ಸಾಕು, ನಡುವೆ ಒಂದೆರಡು ಸರದಿ ಯೂರಿಯಾ ಬದಲು ಎರೆಗೊಬ್ಬರ ಜರಡಿ ಹಿಡಿದು ಉದುರಿಸಿ.

ಕತ್ತರಿಸೋದು ಒಂದೂವರೆ ಇಂಚಿಗೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತೆ, ಅದಕ್ಕೇ ತುದಿ ಕತ್ತರಿಸಿದರೂ ಮುಂದುವರಿಯುತ್ತೆ. ಮಳೆಗಾಲದಲ್ಲಿ ಎರಡು ವಾರ ಬಿಟ್ಟು ಒಮ್ಮೆಲೇ ಬೋಳಿಸಿದರೆ ಮಾತ್ರ ಕೆಳಗಿನ ಕಂದು ಕಾಂಡ ಹೊರಬಿದ್ದು ವಾರಗಟ್ಟಲೆ ಹಸಿರು ಕಾಣಲ್ಲ. ಆ ಕಾಲದಲ್ಲಿ ವಾರಕ್ಕೊಮ್ಮೆ ಕೆಲಸ ಇದ್ದೇ ಇದೆ.

ಹುಳುಹುಪ್ಪಟೆ
ಹುಲ್ಲಿನಲ್ಲಿ ಹಳದಿ ತೇಪೆ ಕಂಡು, ಎಳೆದರೆ ಚಾಪೆಯಂತೆ ಎದ್ದು ಬಂದರೆ ಗೊಣ್ಣೆ ಹುಳ ಬೇರು ಕತ್ತರಿಸಿದೆ. ಒಂದು ಚದರಡಿ ಅಗೆದು ಎಣಿಸಿ. ಒಂದೆರಡು ಇದ್ದರೆ ಬಿಡಿ, ಐದಾರು ಮೀರಿದರೆ ಕ್ರಮ ಬೇಕು. ದುಂಬಿಗಳು ಮುಂಗಾರು ಪೂರ್ವ ಮಳೆ ಬಿದ್ದ ಸಂಜೆ ಹೊರಬಂದು ಬೇವಿನ ಮರಕ್ಕೆ ಮುತ್ತುತ್ತವೆ, ಆಗ ದೀಪದ ಕೆಳಗೆ ಸೋಪುನೀರಿನ ಬಾಂಡ್ಲಿ ಇಟ್ಟು ಹಿಡಿಯೋದು ಸುಲಭ. ಮರಿಹುಳಕ್ಕೆ ಹೆಟೆರೊರ‍್ಹಾಬ್ಡೈಟಿಸ್ ಇಂಡಿಕಾ ಅನ್ನೋ ಜಂತುವಿನ ಪುಡಿ ಇದೆ, ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಸಂಸ್ಥೆ ಎನ್‌ಬಿಎಐಆರ್ ಅಭಿವೃದ್ಧಿಪಡಿಸಿದ್ದು. ಸಂಜೆ, ಮಣ್ಣು ಒದ್ದೆ ಇದ್ದಾಗ ಹಾಕಬೇಕು. ಬಿಸಿಲು ತಾಗಿದರೆ ಆ ಜಂತು ಸಾಯುತ್ತೆ.

ಕೊನ್ನಾರಿಗೆ ಕಬ್ಬಿನವರು ಬಳಸೋ ಕಳೆನಾಶಕ ಹ್ಯಾಲೊಸಲ್ಫ್ಯೂರಾನ್ ಯಾರಾದ್ರೂ ಸೂಚಿಸಿಯಾರು. ಅದರ ಪ್ರಮಾಣ ಎಕರೆಗೆ 36 ಗ್ರಾಂ. ನಿಮ್ಮ ಜಾಗಕ್ಕೆ 0.1 ಗ್ರಾಂ ಬರುತ್ತೆ, ಅಡುಗೆಮನೆ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ. ಸಣ್ಣ ಕೈಗುದ್ದಲಿ ಹಿಡಿದು ಗಡ್ಡೆ ಸಮೇತ ತೆಗೀರಿ.

ಮಾನ್‌ಸ್ಟೆರಾಗೆ ಹಿಟ್ಟು ತಿಗಣೆ ಎಲೆ ತೊಟ್ಟಿನ ಸಂದಿಯಲ್ಲಿ ಸೇರುತ್ತೆ. 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಹತ್ತಿ ಅದ್ದಿ ಒರೆಸಿ. ಆಮೇಲೆ ಲೀಟರ್ ನೀರಿಗೆ ಬೇವಿನ ಎಣ್ಣೆ 5 ಎಂಎಲ್, ಸೋಪು ದ್ರಾವಣ 1 ಎಂಎಲ್ ಕಲಸಿ, ಸಂಜೆ, ವಾರಕ್ಕೊಮ್ಮೆ ಮೂರು ಸಲ. ಒಂದೇ ಸಲ ಹೊಡೆದು ಬಿಟ್ಟರೆ ಮೊಟ್ಟೆಯಿಂದ ಹೊರಟವು ಮತ್ತೆ ತುಂಬಿಕೊಳ್ಳುತ್ತವೆ. ಬೆಳ್ಳಿ ಗೀರು, ಅದರ ಮೇಲೆ ಕರಿ ಚುಕ್ಕೆ ಕಂಡರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟ. ಆ ಕುಂಡವನ್ನ ಆವತ್ತೇ ಬೇರೆ ಇಡಿ.

ಬಳ್ಳಿಮನೆ
ನಾಯಿಯ ವಿಷಯ: ಮಾನ್‌ಸ್ಟೆರಾದ ಎಲೆ, ಕಾಂಡದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿ ಹರಳು ಇರುತ್ತೆ, ಕೆಸುವಿನ ಹಾಗೇ. ಜಗಿದರೆ ಬಾಯಿ ಉರಿ, ಜೊಲ್ಲು, ವಾಂತಿ. ಬಾಯಿ ನೀರಲ್ಲಿ ತೊಳೆದು ಪಶುವೈದ್ಯರಿಗೆ ತೋರಿಸಿ. ಮರಿನಾಯಿ ಇದ್ದರೆ ಕುಂಡವನ್ನ ಕಟ್ಟೆ ಮೇಲೆ ಇಡಿ. ಕತ್ತರಿಸುವಾಗ ನೀವೂ ಗ್ಲೌಸ್ ಹಾಕಿ, ರಸ ತುರಿಸುತ್ತೆ.

ಗಿಡ ಹೆಚ್ಚಿಸಬೇಕಾದ್ರೆ ಒಂದು ಗಿಣ್ಣು, ಒಂದು ಗಾಳಿಬೇರು, ಒಂದು ಎಲೆ ಇರೋ ತುಂಡು ಕತ್ತರಿಸಿ. ಗಿಣ್ಣಿಲ್ಲದ ಬರೀ ಎಲೆ ನೀರಲ್ಲಿ ತಿಂಗಳುಗಟ್ಟಲೆ ಹಸಿರಾಗಿರುತ್ತೆ, ಬೇರು ಬಿಟ್ಟರೂ ಗಿಡ ಆಗಲ್ಲ. ಆನ್‌ಲೈನಲ್ಲಿ ಹಾಗೇ ಮಾರ್ತಾರೆ, ನೋಡಿ ತಗೊಳ್ಳಿ.

ಮೈದಾನ_ಮೇಸ್ತ್ರಿ
ನಾಯಿ ಇದೆ ಅಂದ್ರಲ್ಲ, ಲಾನ್‌ಗೂ ಅದರಿಂದ ತೊಂದರೆ ಇದೆ. ಮೂತ್ರ ಬಿದ್ದ ಕಡೆ ನಡುವೆ ಸುಟ್ಟ ವೃತ್ತ, ಸುತ್ತ ಕಡುಹಸಿರು ಬರುತ್ತೆ, ಯೂರಿಯಾ ಜಾಸ್ತಿ ಬಿದ್ದ ಹಾಗೇ. ಕಂಡ ಕೂಡಲೇ ಅರ್ಧ ಬಕೆಟ್ ನೀರು ಸುರಿದರೆ ಉಳಿಯುತ್ತೆ. ನಾಟಿ ಮಾಡಿದ ಮೊದಲ ಎರಡು ತಿಂಗಳು ನಾಯಿಯನ್ನ ಕುಂಡದ ಕಡೆಗಷ್ಟೇ ಬಿಡಿ. ಮತ್ತೆ 120 ಚದರಡಿಗೆ ಕಟಿಂಗ್ ಮಷೀನ್ ಕೊಳ್ಳೋಕೆ ಹೋಗ್ಬೇಡಿ. ಎರಡು ಕೈ ಹಿಡಿಯೋ ಉದ್ದ ಕತ್ತರಿ ಸಾಕು, ತಿಂಗಳಿಗೊಮ್ಮೆ ಸಾಣೆ ಹಿಡಿಸಿ. ಮೊಂಡು ಕತ್ತರಿಯಲ್ಲಿ ಎಲೆ ತುದಿ ಹರಿದು ಮಾರನೇ ದಿನ ಲಾನ್ ಪೂರ್ತಿ ಬೂದು ಬಣ್ಣ ಕಾಣುತ್ತೆ, ರೋಗ ಬಂತು ಅಂತ ಔಷಧಿ ಹುಡುಕಿಕೊಂಡು ಹೋಗ್ತೀರಿ.